ಶ್ರೀಸ್ಥಾನಕದಿಂದ ಕ್ಯಾಸಲ್ ಮಿಲ್ ನಾಕಾವರೆಗೆ

ಠಾಣೆ ಎಂಬ ಊರ ಹೆಸರಿನ ಮೂಲ ಸಂಸ್ಕೃತದ ‘ಸ್ಥಾನಕ’. ಸಾವಿರ ವರ್ಷಗಳ ಹಿಂದಿನ ತಾಮ್ರಪಟಗಳಲ್ಲಿ ಈ ಊರು ‘ಶ್ರೀಸ್ಥಾನಕ’. ಸ್ಥಾನ ಎಂಬ ಪದ ಪ್ರಾಕೃತದ ಬಾಯಲ್ಲಿ ಠಾಣವಾಯಿತು. ಅದೇ ಪದ ಕನ್ನಡಕ್ಕೂ ಇಳಿದು ಬಂದು ಹಿಂದೆ ಠಾಣ್ಯವಾಗಿತ್ತು, ಈಗ ಪೊಲೀಸ್ ಠಾಣೆಯಾಗಿ ದಿನಬಳಕೆಯಲ್ಲಿದೆ. ಮುಂಬಯಿಯ ಕನ್ನಡ ಪತ್ರಿಕೆಗಳು ಊರಿನ ಹೆಸರನ್ನು ‘ಥಾಣೆ’ ಎಂದು ಅಚ್ಚು ಹಾಕುತ್ತವೆ, ಮರಾಠಿಯ ಉಚ್ಚಾರ ‘ಠಾಣೆ’. ಬ್ರಿಟಿಷರ ಕಾಗದಪತ್ರಗಳಲ್ಲಿ ಅದು ಮೊದಲು ಟನ್ನಾ, ಆಮೇಲೆ ಥಾನಾ. ಬರವಣಿಗೆ ಎಷ್ಟೇ ಬದಲಾದರೂ ಅರ್ಥ ಒಂದೇ ಉಳಿದಿದೆ: ನೆಲೆ, ನಿಂತ ಜಾಗ.

ಹಳೆಯ ಠಾಣೆ ದೊಡ್ಡ ಊರಲ್ಲ. ಮಾಸುಂದಾ ಕೆರೆ, ಅದರ ದಂಡೆಯ ಕೌಪೀನೇಶ್ವರ ದೇವಸ್ಥಾನ, ಪೇಟೆಯ ನಡುವಿನ ಜಾಂಭಳಿ ನಾಕಾ, ಟೆಂಭೀ ನಾಕಾ, ಖಾರ್ಕರ್ ಆಳಿ, ಕೋಟೆ ಹೋಗಿ ಜೈಲಾದ ಕಟ್ಟಡ, ರೈಲು ನಿಲ್ದಾಣ, ಅದರ ಎರಡೂ ಬದಿಗೆ ಚೆಂದಣಿ ಕೋಳಿವಾಡಾ. ಇಷ್ಟನ್ನೂ ನಿಧಾನವಾಗಿ ಒಂದು ಮುಂಜಾನೆಯಲ್ಲಿ ನಡೆದು ನೋಡಬಹುದು. ಈ ಒಂದೊಂದು ಹೆಸರೂ ಒಂದೊಂದು ಕಾಲದ್ದು, ಒಂದೊಂದು ಕಸುಬಿನದ್ದು. ಊರಿನ ಹಳೆಯ ಕಟ್ಟಡಗಳು ಹೆಚ್ಚು ಉಳಿದಿಲ್ಲ. ಹೆಸರುಗಳು ಮಾತ್ರ ಗಟ್ಟಿಯಾಗಿ ಉಳಿದಿವೆ. ಅವುಗಳಲ್ಲಿ ಕನ್ನಡಿಗರ ಕಿವಿಗೆ ಪರಿಚಿತವಾದ ಪದಗಳು ಎಷ್ಟಿವೆ ಎಂಬುದನ್ನು ಅಲ್ಲಿ ಮೂವತ್ತು ನಲವತ್ತು ವರ್ಷ ಬಾಳಿದ ಕನ್ನಡ ಕುಟುಂಬಗಳೂ ಅಷ್ಟಾಗಿ ಗಮನಿಸಿಲ್ಲ.

ಕನ್ನಡದ ನಂಟು ಬಹಳ ಹಿಂದಿನದು. ಒಂಬತ್ತನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಅವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಠಾಣೆಯ ಪಶ್ಚಿಮಕ್ಕಿರುವ ಬೆಟ್ಟಗಾಡಿನ ಆಚೆಗೆ ಕಾನ್ಹೇರಿ ಗುಹೆಗಳಿವೆ. ಅಲ್ಲಿನ ಬಂಡೆಯ ಮೇಲೆ ಶಿಲಾಹಾರ ಪುಲ್ಲಶಕ್ತಿ ಮತ್ತು ಎರಡನೆಯ ಕಪರ್ದಿಯ ಕಾಲದ ಶಾಸನಗಳಿವೆ. ಬೌದ್ಧ ಭಿಕ್ಷುಗಳಿಗೆ ಕೊಟ್ಟ ದಾನವನ್ನು ದಾಖಲಿಸುವ ಆ ಬರಹಗಳು ಸಾರ್ವಭೌಮನೆಂದು ಹೆಸರಿಸುವುದು ಅಮೋಘವರ್ಷನನ್ನು. ಅಂದರೆ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ರಚನೆಯಾಗುತ್ತಿದ್ದ ಕಾಲದಲ್ಲೇ ಈ ಕರಾವಳಿಯ ಗುಹೆಯೊಂದರಲ್ಲಿ ಅದೇ ಅರಸನ ಹೆಸರನ್ನು ಕಲ್ಲಿಗೆ ಇಳಿಸುತ್ತಿದ್ದರು. ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಅವರ ಶಾಸನಗಳ ಭಾಷೆ ಸಂಸ್ಕೃತ, ಆದರೆ ಬಿರುದುಗಳ ಸಾಲಿನಲ್ಲಿ ‘ಗಂಡರಗಂಡ’ದಂಥ ಅಚ್ಚ ಕನ್ನಡ ಪದಗಳು ಬರುತ್ತವೆ. ಶಿಲಾಹಾರ ಶಾಸನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿದ್ವಾಂಸ ವಾ. ವಿ. ಮಿರಾಶಿ ಈ ಬಿರುದುಗಳನ್ನು ಗುರುತಿಸಿ, ಆ ಮನೆತನದ ಮೂಲ ಕನ್ನಡ ನಾಡಿನ ಕಡೆಗಿದ್ದಿರಬೇಕೆಂದು ವಾದಿಸಿದರು.

ಊರಿನ ಹಳೆಯ ಹೆಸರು ಆಧುನಿಕ ಕಾಲಕ್ಕೆ ಮತ್ತೆ ತಿಳಿದದ್ದು 1787ರಲ್ಲಿ. ಠಾಣೆಯಲ್ಲಿ ನೆಲ ಅಗೆಯುವಾಗ ಶಿಲಾಹಾರ ಅರಿಕೇಸರಿಯ ತಾಮ್ರಪಟಗಳು ಸಿಕ್ಕವು. ಕಾಲ ಶಕ 939, ಅಂದರೆ ಕ್ರಿ.ಶ. 1017. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಮರುವರ್ಷ ಹೊರತಂದ ‘ಏಷ್ಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲೇ ಅದರ ಅನುವಾದ ಅಚ್ಚಾಯಿತು. ಓದಿ ಅರ್ಥ ಹೇಳಿದವರು ರಾಮಲೋಚನ ಪಂಡಿತರು. ಭಾರತದ ಶಾಸನಗಳ ಅಧ್ಯಯನ ಇನ್ನೂ ತೊಟ್ಟಿಲಲ್ಲಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಪಂಡಿತಲೋಕಕ್ಕೆ ಪರಿಚಯವಾದ ಮೊದಲ ಕೆಲವು ತಾಮ್ರಪಟಗಳಲ್ಲಿ ಇದೂ ಒಂದೆಂಬುದು ಈ ಊರಿಗೆ ಸಣ್ಣ ಹೆಮ್ಮೆಯಲ್ಲ. ಅರಿಕೇಸರಿ ಅದರಲ್ಲಿ ಶ್ರೀಸ್ಥಾನಕದ ನಿವಾಸಿಗಳನ್ನೂ ಕರೆದು ತನ್ನ ದಾನದ ವಿಷಯ ತಿಳಿಸುತ್ತಾನೆ. ದಾನ ಪಡೆದ ಬ್ರಾಹ್ಮಣನ ಹೆಸರು ತಿಕ್ಕಪೈಯ, ಜ್ಯೋತಿಷಿಯೊಬ್ಬನ ಮಗ. ಅಯ್ಯ ಎಂದು ಕೊನೆಗೊಳ್ಳುವ ಈ ಹೆಸರನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಇಪ್ಪತ್ತು ವರ್ಷ ಹಿಂದಿನ, ಶಕ 919ರ ಇನ್ನೊಂದು ತಾಮ್ರಪಟ ಭಿವಂಡಿಯ ಹತ್ತಿರದ ಹಳ್ಳಿಯೊಂದರಲ್ಲಿ ಸಿಕ್ಕಿತು. ಅದನ್ನು ಹೊರಡಿಸಿದವನು ಶಿಲಾಹಾರ ಅಪರಾಜಿತ. ಆ ಹೊತ್ತಿಗೆ ರಾಷ್ಟ್ರಕೂಟರ ರಾಜ್ಯ ಹೋಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಚಾಲುಕ್ಯ ತೈಲಪ ಕೊನೆಯ ರಾಷ್ಟ್ರಕೂಟ ಅರಸ ಕಕ್ಕಲನನ್ನು ಸೋಲಿಸಿಬಿಟ್ಟಿದ್ದ. ಹೊಸ ಒಡೆಯನ ಹೆಸರು ಹಾಕಿ ಹೊಗಳುವುದು ಸಾಮಂತನಿಗೆ ಲಾಭದ ಕೆಲಸ. ಅಪರಾಜಿತ ಹಾಗೆ ಮಾಡಲಿಲ್ಲ. ಹಳೆಯ ಒಡೆಯರ ವಂಶಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಬರೆಸಿ, ಆ ಮನೆತನ ಈಗ ನೆನಪಾಗಿ ಮಾತ್ರ ಉಳಿಯಿತಲ್ಲ ಎಂದು ಮರುಗಿದ. ಅಧಿಕಾರದ ಕಾಗದದಲ್ಲಿ ಇಂಥ ಕೃತಜ್ಞತೆ ಅಪರೂಪ. ಠಾಣೆಯ ಸುತ್ತಿನ ನೆಲಕ್ಕೆ ಸೇರಿದ ನೆನಪುಗಳಲ್ಲಿ ಇದಕ್ಕಿಂತ ಮನ ಕಲಕುವ ಇನ್ನೊಂದು ಇಲ್ಲ.

ಶಿಲಾಹಾರರ ಕಾಲದ ಇನ್ನೊಂದು ಬಳುವಳಿ ಕೆರೆಗಳು. ಠಾಣೆಯನ್ನು ಇಂದಿಗೂ ಮರಾಠಿಯಲ್ಲಿ ‘ತಲಾವಾಂಚೆ ಶಹರ್’, ಕೆರೆಗಳ ಊರು ಎನ್ನುತ್ತಾರೆ. ಎಷ್ಟೋ ಕೆರೆಗಳು ಮುಚ್ಚಿಹೋಗಿ ಈಗ ಉಳಿದಿರುವವು ಸುಮಾರು 35. ಸಿದ್ಧೇಶ್ವರ, ಕಚರಾಳಿ, ರೈಲಾದೇವಿ, ಉಪವನ, ಬ್ರಹ್ಮಾಳಾ, ಮಖಮಲಿ ಹೀಗೆ ಒಂದೊಂದಕ್ಕೂ ಹೆಸರುಂಟು. ಮಖಮಲಿ ಎಂಬ ಹೆಸರು ಮಖಮಲ್ಲಿನ ನೆನಪು ತರುತ್ತದೆ. ರೇಷ್ಮೆ ನೇಯ್ಗೆಗೆ ಠಾಣೆ ಒಂದು ಕಾಲದಲ್ಲಿ ಹೆಸರಾಗಿತ್ತು. ಕೆರೆಗಳ ಹೂಳೆತ್ತಿದಾಗ ಶಿಲಾಹಾರ ಕಾಲದ ಶಿಲ್ಪಗಳು ಹೊರಬಂದದ್ದುಂಟು.

ಇವುಗಳಲ್ಲಿ ಊರಿನ ಹೃದಯದಂತಿರುವುದು ಮಾಸುಂದಾ. ಆದರೆ ಜನರ ಬಾಯಲ್ಲಿ ಅದು ‘ತಲಾವ್ ಪಾಳಿ’. ಪಾಳಿ ಎಂದರೆ ದಂಡೆ. ಕನ್ನಡದಲ್ಲಿ ಕೆರೆ ಏರಿ ಎಂದಂತೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಧಾರವಾಡದ ಸಾಧನಕೇರಿಯ ದಂಡೆಯ ಮೇಲೆ ಜನ ಸಂಜೆ ಸೇರುವಂತೆ ಇಲ್ಲಿಯೂ ಸೇರುತ್ತಾರೆ. ಅಜ್ಜಂದಿರು ಕಟ್ಟೆಯ ಮೇಲೆ ಕೂರುತ್ತಾರೆ, ಮಕ್ಕಳು ದೋಣಿ ಏರುತ್ತಾರೆ. ನಾಟಕಕಾರ ರಾಮ ಗಣೇಶ ಗಡಕರಿಯವರ ಹೆಸರಿನ ರಂಗಮಂದಿರ 1978ರಿಂದ ಇದೇ ದಂಡೆಯ ಮೇಲಿದೆ. ಪೋರ್ಚುಗೀಸರ ಕಾಲದ ಸಂತ ಜಾನ್ ಬ್ಯಾಪ್ಟಿಸ್ಟ್ ಚರ್ಚ್ ಕೂಡ ಇಲ್ಲಿಂದ ಹತ್ತಿರ. ಕೆರೆಯ ಪೂರ್ವಕ್ಕೆ, ಪೇಟೆಯ ಗದ್ದಲದೊಳಗೆ ಕೌಪೀನೇಶ್ವರ. ಕೌಪೀನ ಉಟ್ಟ ಶಿವ ಎಂಬುದು ಹೆಸರಿನ ಅರ್ಥ, ಬಳಕೆಯಲ್ಲಿ ಅದು ‘ಕೋಪಿನೇಶ್ವರ’. ಗರ್ಭಗುಡಿಯಲ್ಲಿರುವ ಲಿಂಗ ಭಾರಿ ಗಾತ್ರದ್ದು. ಅದು ಮಾಸುಂದಾ ಕೆರೆಯಲ್ಲಿ ಸಿಕ್ಕಿತೆಂಬ ಐತಿಹ್ಯವನ್ನು ಊರವರು ಹೇಳುತ್ತಾರೆ. ಈಗಿನ ದೇವಸ್ಥಾನವನ್ನು 1760ರ ಸುಮಾರಿಗೆ ಕಟ್ಟಿಸಿದವನು ಪೇಶ್ವೆಯರ ಸರಸುಭೇದಾರ ರಾಮಾಜಿ ಮಹಾದೇವ ಬಿವಲ್ಕರ್. 1879ರಲ್ಲಿ ಊರವರೇ ಹಣ ಕೂಡಿಸಿ ಅದನ್ನು ಸರಿಪಡಿಸಿದರು. ಅದೇ ವರ್ಷ, ಅಲ್ಲಿಂದ ಸ್ವಲ್ಪ ದೂರದ ಟೆಂಭೀ ನಾಕಾ ಬಳಿ ಬೆನೆ ಇಸ್ರೇಲ್ ಯಹೂದಿಗಳು ತಮ್ಮ ಪ್ರಾರ್ಥನಾಮಂದಿರ ಕಟ್ಟಿಕೊಂಡರು. ಅದರ ಹೆಸರು ‘ಶಾರ್ ಹಶ್ಶಾಮಾಯಿಮ್’, ಹೀಬ್ರೂ ಭಾಷೆಯಲ್ಲಿ ಸ್ವರ್ಗದ ಬಾಗಿಲು. ಕೊಂಕಣ ಕರಾವಳಿಯಲ್ಲಿ ಎಣ್ಣೆ ಗಾಣ ನಡೆಸಿ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ಕರೆಸಿಕೊಂಡವರು ಇವರು. ಮಾತಾಡುವುದು ಮರಾಠಿ.

ಊರು ನಿಂತಿರುವ ದ್ವೀಪದ ಹೆಸರಿನಲ್ಲೂ ಒಂದು ಲೆಕ್ಕವಿದೆ. ಸಾಷ್ಟಿ ಎಂದರೆ ಷಟ್‌ಷಷ್ಟಿ, ಅರವತ್ತಾರು ಹಳ್ಳಿಗಳು. ಪೋರ್ಚುಗೀಸರ ನಾಲಿಗೆಯಲ್ಲಿ ಅದು ಸಾಲ್ಸೆಟ್ ಆಯಿತು. ಗೋವೆಯಲ್ಲೂ ಇದೇ ಹೆಸರಿನ ಸಾಸಷ್ಟಿ ತಾಲೂಕು ಉಂಟು. ಕಾರವಾರ, ಕುಮಟಾ, ಮಂಗಳೂರುಗಳ ಗೌಡಸಾರಸ್ವತ ಮನೆಗಳಲ್ಲಿ ಹಿರಿಯರ ಊರಿನ ಮಾತು ಬಂದಾಗ ಕೇಳುವುದು ಆ ಗೋವೆಯ ಸಾಸಷ್ಟಿ. ಇದು ಠಾಣೆಯ ಸಾಷ್ಟಿ. ಲೆಕ್ಕ ಎರಡಕ್ಕೂ ಒಂದೇ.

1534ರ ವಸಯಿ ಒಪ್ಪಂದದ ಮೇಲೆ ಈ ದ್ವೀಪ ಪೋರ್ಚುಗೀಸರಿಗೆ ಹೋಯಿತು. ಎರಡು ಶತಮಾನ ಆಳಿದ ಮೇಲೆ, ಮರಾಠರ ಭಯ ಹೆಚ್ಚಾಗಿ, 1730ರಲ್ಲಿ ಅವರು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಡದಲ್ಲಿ ಕೋಟೆ ಕಟ್ಟಲು ಆರಂಭಿಸಿದರು. ಅದು ಪೂರ್ತಿ ಮುಗಿಯುವ ಮೊದಲೇ, 1737ರಲ್ಲಿ, ಮರಾಠರ ಕೈಸೇರಿತು. 1774ರ ಡಿಸೆಂಬರಿನಲ್ಲಿ ಬ್ರಿಟಿಷರು ವಶಪಡಿಸಿಕೊಂಡರು. ಮುಂದೆ ಅದೇ ಕೋಟೆ ಜೈಲಾಯಿತು, ಇಂದಿಗೂ ಠಾಣೆ ಕಾರಾಗೃಹ ಅದೇ ಗೋಡೆಗಳೊಳಗಿದೆ. ಊರಿನ ಹಳಬರು ಹೇಳುವ ಒಂದು ಕತೆ ಈ ಗೋಡೆಗೆ ಅಂಟಿಕೊಂಡಿದೆ, ಇತಿಹಾಸವೂ ಅದಕ್ಕೆ ಸಾಕ್ಷಿ ಹೇಳುತ್ತದೆ. ಪೇಶ್ವೆ ಎರಡನೆಯ ಬಾಜೀರಾಯನ ಮಂತ್ರಿ ತ್ರಿಂಬಕಜಿ ಡೇಂಗಳೆಯನ್ನು ಬರೋಡೆಯ ದೂತ ಗಂಗಾಧರ ಶಾಸ್ತ್ರಿಯ ಕೊಲೆಯ ಆರೋಪದ ಮೇಲೆ ಇಲ್ಲಿ ಸೆರೆಯಿಟ್ಟಿದ್ದರು. ಕಾವಲಿಗೆ ಇಟ್ಟದ್ದು ಐರೋಪ್ಯ ಸೈನಿಕರನ್ನು. ಅಧಿಕಾರಿಯೊಬ್ಬನ ಕುದುರೆ ನೋಡಿಕೊಳ್ಳುತ್ತಿದ್ದ ಮರಾಠಾ ಆಳು ಕಿಟಕಿಯ ಕೆಳಗೆ ಕುದುರೆ ಅಡ್ಡಾಡಿಸುತ್ತ ಲಾವಣಿಯ ಧಾಟಿಯಲ್ಲಿ ಹಾಡುತ್ತಿದ್ದನಂತೆ. ತಪ್ಪಿಸಿಕೊಳ್ಳುವ ದಾರಿ, ಹೊತ್ತು, ಹೊರಗೆ ಕಾಯುವವರ ವಿವರ ಎಲ್ಲ ಆ ಹಾಡಿನಲ್ಲೇ ಇತ್ತು. ಕಾವಲುಗಾರರಿಗೆ ಮರಾಠಿ ಬರುತ್ತಿರಲಿಲ್ಲ. 1816ರ ಸೆಪ್ಟೆಂಬರಿನ ಒಂದು ರಾತ್ರಿ ತ್ರಿಂಬಕಜಿ ಗೋಡೆ ದಾಟಿ ಹೋದ. ಇದೇ ಗೋಡೆಗಳೊಳಗೆ, 1910ರ ಏಪ್ರಿಲ್ 19ರಂದು, ನಾಸಿಕದ ಕಲೆಕ್ಟರ್ ಜ್ಯಾಕ್ಸನ್ನನ ಹತ್ಯೆಗಾಗಿ ಅನಂತ ಕಾನ್ಹೇರೆ, ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಎಂಬ ಮೂವರು ತರುಣರು ಗಲ್ಲಿಗೇರಿದರು.

ಕೋಟೆಗಿಂತಲೂ ಹಳೆಯದು ಕೋಳಿವಾಡಾ. ಕೋಳಿಗಳು ಈ ಖಾಡಿಯ ಮೀನುಗಾರರು, ಕರ್ನಾಟಕದ ಕರಾವಳಿಯ ಮೊಗವೀರರಂತೆ, ಖಾರ್ವಿಗಳಂತೆ. ಚೆಂದಣಿ ಅವರ ಊರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಸುಮಾರು ಒಂದು ಗಂಟೆಯಲ್ಲಿ ಬಂದು ನಿಂತದ್ದು ಈ ಮೀನುಗಾರರ ಊರಿನ ಅಂಚಿಗೆ. 34 ಕಿಲೋಮೀಟರ್ ದೂರ, 14 ಡಬ್ಬಿಗಳು, 400 ಅತಿಥಿಗಳು, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್‌ಗಳು ಎಂಬ ವಿವರ ಶಾಲಾಪುಸ್ತಕಗಳಲ್ಲಿ ಬರುತ್ತದೆ. ಹಳಿ ಹಾಕಿದ ನೆಲ ಯಾರದೆಂಬ ವಿವರ ಬರುವುದಿಲ್ಲ. ಹಳಿ ಮುಂದೆ ಸಾಗಿ, ಖಾಡಿಗೆ ಸೇತುವೆ ಬಿದ್ದು, 1854ರಲ್ಲಿ ಕಲ್ಯಾಣ್ ತಲುಪಿತು. ಚೆಂದಣಿ ಎರಡು ಹೋಳಾಯಿತು. ಇಂದು ನಿಲ್ದಾಣದ ಪೂರ್ವಕ್ಕೊಂದು ಚೆಂದಣಿ, ಪಶ್ಚಿಮಕ್ಕೊಂದು ಚೆಂದಣಿ. ದಿನಕ್ಕೆ ಲಕ್ಷಗಟ್ಟಲೆ ಜನ ಓಡಾಡುವ ಈ ನಿಲ್ದಾಣದಿಂದ ಇಳಿದವರಲ್ಲಿ ಬಹಳ ಜನರಿಗೆ ತಾವು ಕಾಲಿಟ್ಟದ್ದು ಒಂದು ಮೀನುಗಾರರ ಹಳ್ಳಿಯ ನಡುವೆ ಎಂಬುದು ಗೊತ್ತಿಲ್ಲ. ನಾರಳಿ ಪೌರ್ಣಿಮೆಯ ದಿನ ಮಾತ್ರ ಕೋಳಿಗಳು ಹಾಡುತ್ತ ಕುಣಿಯುತ್ತ ಮೆರವಣಿಗೆಯಲ್ಲಿ ಹೊರಟು ಖಾಡಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಉಡುಪಿ, ಮಲ್ಪೆಯ ಕಡೆ ಸಮುದ್ರಪೂಜೆ ಕಂಡವರಿಗೆ ಅದು ತೀರ ಹತ್ತಿರದ ಹಬ್ಬ.

ಬೀದಿಗಳ ಹೆಸರಿನ ಬಾಲಗಳನ್ನು ಒಂದೊಂದಾಗಿ ಬಿಡಿಸಿದರೆ ಹಳೆಯ ಊರಿನ ನಕಾಶೆ ತಾನಾಗಿ ಮೂಡುತ್ತದೆ. ಆಳಿ ಎಂದರೆ ಸಾಲುಮನೆಗಳ ಬೀದಿ, ಕನ್ನಡದ ಓಣಿ. ನಾಕಾ ಎಂದರೆ ಸುಂಕದ ಕಟ್ಟೆ, ಬರಬರುತ್ತ ದಾರಿ ಕೂಡುವ ಜಾಗ. ಬೆಳಗಾವಿ, ಹುಬ್ಬಳ್ಳಿಯವರಿಗೆ ಈ ಪದ ಹೇಳಿಕೊಡಬೇಕಾಗಿಲ್ಲ. ಜಾಂಭಳಿ ನಾಕಾದ ಹೆಸರಿನಲ್ಲಿರುವ ಜಾಂಭೂಳ್ ನೇರಳೆ. ಪಾಡಾ ಎಂದರೆ ಹತ್ತಿಪ್ಪತ್ತು ಮನೆಗಳ ಗುಂಪು. ಪಾಖಾಡಿ ಎಂದರೆ ಊರಿನ ಒಂದು ಭಾಗ, ಅಂಥ ಐದು ಸೇರಿದ್ದು ಪಾಚ್‌ಪಾಖಾಡಿ. ಕೋಲ್‌ಶೇತದಲ್ಲಿರುವುದು ಶೇತ್, ಹೊಲ. ಘೋಡಬಂದರ್ ಕುದುರೆಗಳ ಬಂದರು; ಸಮುದ್ರದಾಚೆಯಿಂದ ಬಂದ ಕುದುರೆಗಳು ಅಲ್ಲಿ ಇಳಿಯುತ್ತಿದ್ದವು ಎಂಬ ನೆನಪು ಹೆಸರಿನಲ್ಲಿದೆ. ವಿಜಯನಗರದ ಅರಸರಿಗೆ ಭಟ್ಕಳ, ಹೊನ್ನಾವರಗಳಲ್ಲಿ ಇಳಿಯುತ್ತಿದ್ದ ಅರಬಿ ಕುದುರೆಗಳ ವ್ಯಾಪಾರದ್ದೇ ಇನ್ನೊಂದು ತುದಿ ಅದು. ಕಾಪೂರ್‌ಬಾವಡಿಯಲ್ಲಿ ಉಳಿದಿರುವುದು ಬಾವಿ. ವಿಜಯಪುರದ ತಾಜ್ ಬಾವಡಿ ನೋಡಿದವರಿಗೆ ಆ ಪದ ಕೇಳಿದ ಕೂಡಲೇ ಮೆಟ್ಟಿಲುಗಳು ಕಣ್ಣಿಗೆ ಕಟ್ಟುತ್ತವೆ. ಇಲ್ಲಿ ಕಾಣುವುದು ಮೇಲ್ಸೇತುವೆ, ಬಸ್ಸು, ಲಾರಿ.

ಉಪ್ಪಿನ ಪದಗಳು ಇನ್ನೂ ಹತ್ತಿರದವು. ಠಾಣೆಯಿಂದ ಉರಣ್‌ವರೆಗೆ ಖಾಡಿಯ ಉದ್ದಕ್ಕೂ ಉಪ್ಪಿನ ಮಡಿಗಳಿದ್ದವು. ಮರಾಠಿಯಲ್ಲಿ ಮೀಠಾಗರ್, ಕನ್ನಡದಲ್ಲಿ ಉಪ್ಪಿನ ಆಗರ. ಆಗರದಲ್ಲಿ ದುಡಿದವರು ಆಗ್ರಿಗಳು. ಈ ಸೀಮೆಯ ಬಹುಪಾಲು ಹಳೆಯ ಹಳ್ಳಿಗಳು ಅವರವು. ಉತ್ತರ ಕನ್ನಡದಲ್ಲಿ, ಗೋಕರ್ಣದ ಬಳಿಯ ಸಾಣಿಕಟ್ಟೆಯ ಕಡೆ, ಇದೇ ಪದದಿಂದ ಹೆಸರು ಪಡೆದ ಇನ್ನೊಂದು ಸಮುದಾಯವಿದೆ: ಆಗೇರರು. ಐನೂರು ಕಿಲೋಮೀಟರ್ ಅಂತರದಲ್ಲಿ, ಒಬ್ಬರಿಗೊಬ್ಬರ ಪರಿಚಯವಿಲ್ಲದೆ, ಎರಡು ಜನಾಂಗಗಳು ಒಂದೇ ಕಸುಬಿನಿಂದ ಒಂದೇ ಹೆಸರು ಹೊತ್ತಿವೆ. ಉಪ್ಪುನೀರು ನುಗ್ಗುವ ಗದ್ದೆಗೆ ಇಲ್ಲಿ ಖಾರ್ ಎನ್ನುತ್ತಾರೆ; ಕಳವಾ ಎಂಬ ಊರಿನ ಹತ್ತಿರದ ಖಾರೇಗಾವ್ ಅದರಿಂದಲೇ ಬಂದದ್ದು. ಕುಮಟಾ, ಅಂಕೋಲೆಯ ರೈತರು ಗಜನಿ ಗದ್ದೆಗಳ ಒಡ್ಡಿನ ಮಾತು ಬಂದಾಗ ಸರಕಾರಿ ಕಾಗದಗಳ ‘ಖಾರ್‌ಲ್ಯಾಂಡ್’ ಎಂಬ ಪದವನ್ನೇ ಬಳಸುತ್ತಾರೆ. ಬಂದ ದಾರಿ ಒಂದೇ.

ರೈಲು ಮುಂದೆ ಸಾಗಿದರೆ ಡೊಂಬಿವಲಿ. ಇಲ್ಲಿ ಗಮನಿಸಬೇಕಾದ್ದು ಹೆಸರಿನ ಕೊನೆ. ಬೋರಿವಲಿ, ಕಾಂದಿವಲಿ, ಡೊಂಬಿವಲಿಗಳಲ್ಲಿ ಬರುವ ‘ವಲಿ’ಯನ್ನು ಭಾಷಾಶಾಸ್ತ್ರಜ್ಞರು ‘ಪಲ್ಲಿ’ ಎಂಬ ಪದಕ್ಕೆ ಕೊಂಡೊಯ್ಯುತ್ತಾರೆ. ಪಲ್ಲಿಯೇ ಹಳಗನ್ನಡದ ಪಳ್ಳಿ, ಇಂದಿನ ಹಳ್ಳಿ. ಶಂ. ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಮಹಾರಾಷ್ಟ್ರದ ಊರ ಹೆಸರುಗಳನ್ನು ಸಾಕ್ಷಿಯಾಗಿ ಹಿಡಿದು ಕನ್ನಡ ಒಂದು ಕಾಲದಲ್ಲಿ ಎಷ್ಟು ದೂರ ಹರಡಿತ್ತು ಎಂದು ತೋರಿಸಲು ಹೊರಟರು. ಅವರ ಎಲ್ಲ ತೀರ್ಮಾನಗಳನ್ನೂ ಇಂದು ಒಪ್ಪಬೇಕೆಂದಿಲ್ಲ. ಒಂದು ಪದ ಎರಡು ಭಾಷೆಗಳಲ್ಲಿ ಇದ್ದ ಮಾತ್ರಕ್ಕೆ ನೆಲ ಯಾರದೆಂದು ನಿಶ್ಚಯವಾಗುವುದಿಲ್ಲ. ಊರಿನ ಹೆಸರನ್ನು ಗಡಿಕಲ್ಲಿನಂತೆ ಬಳಸುವುದು ವಿದ್ಯೆಗೂ ನೆರೆಹೊರೆಗೂ ಒಳ್ಳೆಯದಲ್ಲ. ಆದರೆ ಊರ ಹೆಸರುಗಳನ್ನು ಚರಿತ್ರೆಯ ದಾಖಲೆಯಾಗಿ ಓದಬೇಕೆಂದು ಕನ್ನಡಿಗರಿಗೆ ಕಲಿಸಿದವರು ಅವರು. ಆ ಋಣ ದೊಡ್ಡದು.

ಕಲ್ಯಾಣ್ ಎಂದೊಡನೆ ಕನ್ನಡಿಗರ ಮನಸ್ಸು ಬಸವಣ್ಣನವರ ಕಲ್ಯಾಣಕ್ಕೆ ಹೋಗುತ್ತದೆ. ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ, ತೈಲಪನ ವಂಶದವರು ರಾಜಧಾನಿ ಮಾಡಿಕೊಂಡ ಊರು. ಉಲ್ಹಾಸ್ ನದಿಯ ದಡದ ಈ ಕಲ್ಯಾಣ್ ಬೇರೆ, ಅದಕ್ಕಿಂತ ಹಳೆಯದು. ಒಂದನೆಯ ಶತಮಾನದ ಗ್ರೀಕ್ ನಾವಿಕ ಗ್ರಂಥ ‘ಪೆರಿಪ್ಲಸ್’ ಇದನ್ನು ಕಲ್ಲಿಯೇನ ಎಂಬ ಬಂದರೆಂದು ಹೆಸರಿಸುತ್ತದೆ. ಕಾನ್ಹೇರಿಯ ಗುಹೆಗಳಿಗೆ ದಾನ ಕೊಟ್ಟ ವರ್ತಕರು ತಾವು ಕಲ್ಯಾಣದವರೆಂದು ಬರೆಸಿದ್ದಾರೆ. ಮೊಘಲರ ಕಾಲದಲ್ಲಿ ಇಸ್ಲಾಮಾಬಾದ್ ಎಂಬ ಹೆಸರಿಟ್ಟರೂ ಅದು ಜನರ ಬಾಯಿಗೆ ಹತ್ತಲಿಲ್ಲ. 1657ರಲ್ಲಿ ಶಿವಾಜಿ ಊರನ್ನು ಗೆದ್ದ. ದುರ್ಗಾಡಿ ಕೋಟೆ ಇಂದಿಗೂ ಖಾಡಿಯ ಮೇಲೆ ನಿಂತಿದೆ. ಕಲ್ಯಾಣದ ಹಳೆಯ ಪೇಟೆಯಲ್ಲಿ ದೂಧನಾಕಾ, ಪಾರನಾಕಾ, ಬೈಲ್‌ಬಜಾರ್ ಎಂಬ ಹೆಸರುಗಳಿವೆ. ಹಾಲು ಮಾರಿದ್ದು ಎಲ್ಲಿ, ಎತ್ತಿನ ಸಂತೆ ಕೂಡಿದ್ದು ಎಲ್ಲಿ ಎಂದು ಬೇರೆ ಹುಡುಕಬೇಕಾಗಿಲ್ಲ. ದೇಶದ ಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರಾದ ಆನಂದಿಬಾಯಿ ಜೋಶಿ 1865ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಇಲ್ಲಿ ಸಾರ್ವಜನಿಕ ವಾಚನಾಲಯ ತೆರೆದಿತ್ತು.

ನವಿಮುಂಬಯಿಯ ಹೆಸರುಗಳ ಕತೆ ಬೇರೆ ರೀತಿಯದು, ನೋವಿನದು. 1970ರ ಮಾರ್ಚ್ 17ರಂದು, ಹೊಸ ನಗರ ಕಟ್ಟುವುದಕ್ಕೆ ಸಿಡ್ಕೋ ಎಂಬ ಸರಕಾರಿ ಸಂಸ್ಥೆ ಸ್ಥಾಪನೆಯಾಯಿತು. ಠಾಣೆ, ಪನ್ವೇಲ್, ಉರಣ್ ತಾಲೂಕುಗಳ 95 ಹಳ್ಳಿಗಳ ಜಮೀನು ಅದಕ್ಕೆ ನಿಗದಿಯಾಯಿತು. ಹೊಸ ಊರಿಗೆ ಹೊಸ ಹೆಸರಿಟ್ಟರೂ ಅದರ ಭಾಗಗಳಿಗೆ ಹಳ್ಳಿಗಳ ಹೆಸರನ್ನೇ ಉಳಿಸಿದರು: ವಾಶಿ, ನೆರೂಳ್, ಬೇಲಾಪುರ, ಘನ್ಸೋಲಿ, ತುರ್ಭೆ. ಜುಯಿ ಎಂಬ ಪುಟ್ಟ ಹಳ್ಳಿ ಜುಯಿನಗರವಾಯಿತು. ಹೆಸರು ಉಳಿಯಿತು, ಗದ್ದೆಯೂ ಆಗರವೂ ಹೋದವು. ನ್ಯಾಯವಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ಹೋರಾಡಿದ ರೈತರ ಮೇಲೆ 1984ರ ಜನವರಿ 16 ಮತ್ತು 17ರಂದು ಗೋಲಿಬಾರ್ ನಡೆದು ಐವರು ಸತ್ತರು. ನವಿಮುಂಬಯಿಯ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರೇ ಬೇಕೆಂದು ಭೂಮಿಪುತ್ರರು ಬೀದಿಗಿಳಿದದ್ದರ ಹಿಂದೆ ಈ ನೆನಪಿದೆ. 2022ರಲ್ಲಿ ರಾಜ್ಯ ವಿಧಾನಮಂಡಲ ಅದಕ್ಕೆ ಒಪ್ಪಿಗೆಯ ನಿರ್ಣಯ ಮಾಡಿತು. ನೆಲ ಕಳೆದುಕೊಂಡವರಿಗೆ ಹೆಸರಾದರೂ ತಮ್ಮದಿರಲಿ ಎನಿಸುವುದು ನ್ಯಾಯವೇ.

ಠಾಣೆಯ ಕಡೆಗೆ ಮರಳಿದರೆ ಇನ್ನೊಂದು ಪದರ ಕಾಣುತ್ತದೆ, ಅದು ಕಾರ್ಖಾನೆಗಳದು. ಮಹಾರಾಷ್ಟ್ರ ಕೈಗಾರಿಕಾಭಿವೃದ್ಧಿ ನಿಗಮ 1962ರಲ್ಲಿ ಕೆಲಸ ಆರಂಭಿಸಿದ್ದು ವಾಗ್ಳೆ ಎಸ್ಟೇಟಿನಲ್ಲಿ. ಆಮೇಲಿನ ಇಪ್ಪತ್ತು ಮೂವತ್ತು ವರ್ಷ ಠಾಣೆ ಸೈರನ್ನಿನ ಊರು. ಹೆದ್ದಾರಿಯ ಒಂದೊಂದು ಕೂಡುದಾರಿಗೂ ಒಂದೊಂದು ಕಂಪನಿಯ ಹೆಸರು ಬಿತ್ತು: ನಿತಿನ್ ಕಂಪನಿ, ಕ್ಯಾಡ್ಬರಿ, ಗೋಲ್ಡನ್ ಡೈಸ್, ಕ್ಯಾಸಲ್ ಮಿಲ್ ನಾಕಾ. ಇವನ್ನು ಯಾವ ನಗರಸಭೆಯೂ ಠರಾವು ಮಾಡಿ ಇಟ್ಟದ್ದಲ್ಲ. ಬಸ್ ಕಂಡಕ್ಟರು, ರಿಕ್ಷಾದವರು, ಪಾಳಿ ಮುಗಿಸಿ ಬರುವ ಕೆಲಸಗಾರರು ಸೇರಿ ಇಟ್ಟದ್ದು. ಕ್ಯಾಸಲ್ ಮಿಲ್ ನಾಕಾದಲ್ಲಿ ಇಂದು ಮಿಲ್ಲಿಲ್ಲ. ರಿಕ್ಷಾದವನಿಗೆ ಆ ಹೆಸರು ಹೇಳಿದರೆ ಮರುಮಾತಿಲ್ಲದೆ ಮೀಟರ್ ಹಾಕುತ್ತಾನೆ.

ಕನ್ನಡಿಗರ ಠಾಣೆ ಹೆಚ್ಚಾಗಿ ಈ ಪದರಕ್ಕೆ ಸೇರಿದ್ದು. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಬಂದವರು ಕಾರ್ಖಾನೆಗಳ ಕ್ಯಾಂಟೀನು ನಡೆಸಿದರು, ನಿಲ್ದಾಣದ ಎದುರು, ನಾಕಾಗಳ ಮೂಲೆಯಲ್ಲಿ ಹೋಟೆಲು ತೆರೆದರು. ಹಗಲು ಪಾತ್ರೆ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಹುಡುಗರು ಮುಂದೆ ಬ್ಯಾಂಕು, ಕಚೇರಿ ಸೇರಿದರು. ಮುಂಬಯಿಯ ಬಾಡಿಗೆ ನಿಲುಕದವರು ಡೊಂಬಿವಲಿಗೆ, ಕಲ್ಯಾಣಕ್ಕೆ, ಆಮೇಲೆ ನೆರೂಳ್, ವಾಶಿಗೆ ಸರಿದರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿತು. ಠಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ, ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘ ಬಂದವು. ಯಕ್ಷಗಾನದ ಮೇಳ ಊರಿಂದ ಬಂದಾಗ, ನವರಾತ್ರಿಗೆ, ಆಟಿ ತಿಂಗಳ ಕೂಟಕ್ಕೆ ಇವೇ ಹೆಸರುಗಳ ನೆಲದಲ್ಲಿ ತುಳು, ಕೊಂಕಣಿ, ಕನ್ನಡಗಳು ಒಟ್ಟಿಗೆ ಕೇಳುತ್ತವೆ.

ಈ ಪದರವೇ ಈಗ ಎಲ್ಲಕ್ಕಿಂತ ಬೇಗ ಅಳಿಯುತ್ತಿದೆ. ಶಿಲಾಹಾರರ ಹೆಸರಿಗೆ ತಾಮ್ರಪಟದ ಆಸರೆಯಿದೆ, ಕೋಟೆಗೆ ಗೆಝೆಟಿಯರಿನ ಆಸರೆಯಿದೆ, ಮರಾಠಿ ಓದುಗರಿಗೆ 1893ರಿಂದ ನಡೆದುಬಂದ ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯವಿದೆ. ಮುಚ್ಚಿದ ಕ್ಯಾಂಟೀನಿನ ಹೆಸರಿಗೆ, ಕಾರ್ಖಾನೆಯ ಗೇಟಿನ ಎದುರಿದ್ದ ಚಹಾದ ಅಂಗಡಿಯ ಹೆಸರಿಗೆ, ಒಂದೇ ಕೋಣೆಯಲ್ಲಿ ಹನ್ನೆರಡು ಜನ ಮಲಗುತ್ತಿದ್ದ ಚಾಳಿನ ಹೆಸರಿಗೆ ಯಾವ ದಾಖಲೆಯೂ ಇಲ್ಲ. ಅಲ್ಲೆಲ್ಲ ಗಗನಚುಂಬಿ ಕಟ್ಟಡಗಳೆದ್ದು, ಯಾವ ಊರಿಗೂ ಸೇರದ ಇಂಗ್ಲಿಷ್ ಹೆಸರುಗಳು ಗೇಟಿನ ಮೇಲೆ ಬಂದಿವೆ. ಆ ಹಳೆಯ ಹೆಸರುಗಳು ಎಂಬತ್ತು ದಾಟಿದ ಕೆಲವು ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳು ವರ್ಷವರ್ಷವೂ ಸ್ಮರಣ ಸಂಚಿಕೆ ತರುತ್ತವೆ. ಮುಂದಿನ ಸಂಚಿಕೆಯಲ್ಲಿ ಜಾಹೀರಾತುಗಳ ನಡುವೆ ನಾಲ್ಕು ಪುಟ ಬಿಟ್ಟು, ಆ ಹಿರಿಯರ ಬಳಿ ಕುಳಿತು, ಯಾವ ನಾಕಾದಲ್ಲಿ ಯಾವ ಹೋಟೆಲಿತ್ತು, ಆ ಓಣಿಗೆ ಆಗ ಏನೆನ್ನುತ್ತಿದ್ದರು ಎಂದು ಬರೆದುಕೊಳ್ಳಲಿ.